ಬಾಲವಿಲ್ಲದ ಮೀನುಗಳು

ಯಾಯಿಜು ಬಂದರಿನ ಮೀನಿನ ಶೀತಗೃಹದಲ್ಲಿ ಅಮಾನೊ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹಡಗಿನಿಂದ ಇಳಿದ ಟ್ಯೂನಾ ಮೀನುಗಳು ಅಲ್ಲಿ ಹೆಪ್ಪುಗಟ್ಟಿ ಕಲ್ಲುಕಂಬಗಳ ಹಾಗೆ ಬಿದ್ದಿರುತ್ತಿದ್ದವು. ಅವನ್ನು ಎತ್ತಿ ಒಳಗೆ ಪೇರಿಸುವುದು, ಒಳಗಿನವನ್ನು ತೆಗೆದು ಲಾರಿಗೆ ತುಂಬುವುದು ಅವನ ಕೆಲಸ. ವರ್ಷಗಟ್ಟಲೆ ಆ ಕೊರೆಯುವ ಚಳಿಯಲ್ಲಿ ದುಡಿದು ಬೆರಳುಗಳು ಮೂಲಂಗಿಯ ಹಾಗೆ ದಪ್ಪಗಾಗಿದ್ದವು, ಮಾತು ಕಡಿಮೆಯಾಗಿತ್ತು. ಈ ಮನುಷ್ಯ ಮನೆಗೂ ಆ ಚಳಿಯನ್ನು ಹೊತ್ತುಕೊಂಡೇ ಬರುತ್ತಾನೆ ಎಂಬುದು ಹೆಂಡತಿ ಯೂರಿಯ ದೂರು. ಅವಳು ಒಂದು ದಿನ ಮಗಳನ್ನು ಕರೆದುಕೊಂಡು ಹಮಾಮಾತ್ಸುವಿನ ತವರಿಗೆ ಹೋದವಳು ಮರಳಿ ಬರಲಿಲ್ಲ. ವಿಚ್ಛೇದನ ಮುಗಿದ ಮೇಲೆ ಅಮಾನೊನ ಪಾಲಿಗೆ ಉಳಿದದ್ದು ತಿಂಗಳಿಗೊಂದು ಭಾನುವಾರ.

ಆ ಭಾನುವಾರ ಮಗಳು ಸುಜು ಅವನ ಮನೆಗೆ ಬರುತ್ತಿದ್ದಳು. ಹತ್ತು ವರ್ಷದ ಹುಡುಗಿ, ಅಪ್ಪನ ಹಾಗೆಯೇ ಮಾತು ಕಮ್ಮಿ. ಮೊದಲ ಎರಡು ಮೂರು ಸಲ ಇಬ್ಬರೂ ಟೀವಿಯ ಮುಂದೆ ಕೂತು ಕಿತ್ತಳೆ ಸುಲಿದು ತಿಂದದ್ದೇ ಆಯಿತು. ಆಮೇಲೆ ಅಮಾನೊ ಒಂದು ಪ್ಲಾಸ್ಟಿಕ್ ದೋಣಿಯ ಪೆಟ್ಟಿಗೆ ತಂದ. ಪುಟ್ಟ ಹಡಗು, ವಿಮಾನ, ಟ್ಯಾಂಕುಗಳನ್ನು ಜೋಡಿಸಿ ಮಾಡುವ ಈ ಪೆಟ್ಟಿಗೆಗಳು ಹುಟ್ಟುವುದೇ ಆ ಬಂದರಿರುವ ಶಿಜುವೊಕಾ ಸೀಮೆಯಲ್ಲಿ, ಅಲ್ಲಿ ಚಿಕ್ಕಂದಿನಲ್ಲಿ ಅದನ್ನು ಮುಟ್ಟದ ಗಂಡಸಿಲ್ಲ. ಬಳ್ಳಿಗೆ ಅವರೆಕಾಯಿ ಜೋತುಬಿದ್ದ ಹಾಗೆ ಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಒಂದೊಂದನ್ನೇ ಕತ್ತರಿಸಿ ತೆಗೆದರೆ ಕೊನೆಗೆ ಬರೀ ಕಡ್ಡಿಗಳು ಉಳಿಯುತ್ತವೆ. ಅಮಾನೊ ಅವನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಸುಜು ಅವನ ಕೈ ಹಿಡಿದಳು.

"ಬಿಸಾಕ್ಬೇಡಪ್ಪ. ಇದು ಮೀನಾಗತ್ತೆ" ಅಂದಳು.

ಅಪ್ಪ ದೋಣಿ ಜೋಡಿಸಿದ, ಮಗಳು ಮೀನು ಮಾಡಿದಳು. ಕಡ್ಡಿಯ ತುಂಡು ಕತ್ತರಿಸಿ, ಅರದಲ್ಲಿ ಉಜ್ಜಿ, ಹೊಟ್ಟೆ ಉಬ್ಬಿಸಿ, ಮೂತಿ ಚೂಪು ಮಾಡಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಟ್ಯೂನಾಗಳು. ಅಪ್ಪನ ಶೀತಗೃಹವನ್ನು ಅವಳು ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದಳು. ಅಲ್ಲಿ ಮೀನುಗಳಿಗೆ ಬಾಲ ಕತ್ತರಿಸಿರುತ್ತಾರೆ. ಅವಳ ಮೀನುಗಳಿಗೂ ಬಾಲವಿರಲಿಲ್ಲ. ಕತ್ತರಿಸಿದ ಬಾಲಗಳನ್ನೂ ಮಾಡಿ ದೋಣಿಯ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ್ದಳು. ಮೇಣದಬತ್ತಿಯ ಉರಿಗೆ ಕಡ್ಡಿ ಹಿಡಿದು, ಅದು ಮೆತ್ತಗಾದಾಗ ಎರಡೂ ಕಡೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ ಎಂದು ಅಪ್ಪ ತೋರಿಸಿಕೊಟ್ಟ. ಅವಳು ಅದನ್ನು ಹಗ್ಗ ಮಾಡಿ ಕಟ್ಟಿ, ಅದರ ಮೇಲೆ ಬೆಸ್ತರ ಒದ್ದೆ ಕಾಲುಚೀಲ ಒಣಹಾಕಿದಳು. ಇಡೀ ಚಳಿಗಾಲ ಹಿಡಿಯಿತು. ಮುಗಿದ ದಿನ ಸುಜು ದೋಣಿಯ ಪಕ್ಕಕ್ಕೆ ಕೆನ್ನೆ ಒರಗಿಸಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಇಲ್ಲೇ ಇರ್ಲಿ. ನಾನು ಬಂದಾಗೆಲ್ಲ ನೋಡ್ತೀನಿ" ಎಂದು ಹೇಳಿ ಹೋದಳು.

ಅಮಾನೊನಿಗೆ ಬಹಳ ದಿನದಿಂದ ಒಂದು ಆಸೆಯಿತ್ತು. ಊರಿನಲ್ಲಿ ತೆರಾದಾ ಎಂಬ ಚಹಾ ವ್ಯಾಪಾರಿ ತನ್ನ ಹಳೆಯ ಗೋದಾಮಿನ ಮಾಳಿಗೆಯಲ್ಲಿ ಮಾದರಿ ಮಾಡುವವರ ಒಂದು ಬಳಗ ನಡೆಸುತ್ತಿದ್ದ. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ನಡೆಯುವ ಮಾದರಿಗಳ ಪ್ರದರ್ಶನದಲ್ಲಿ ತೆರಾದಾ ಮೇಷ್ಟ್ರು ಒಂದು ಹಡಗಿನ ಮುಂದೆ ನಿಂತು ತಲೆಯಾಡಿಸಿದರೆ ಅದನ್ನು ಮಾಡಿದವನು ವರ್ಷವಿಡೀ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ. ದನಿ ಎತ್ತಿ ಮಾತಾಡಿದವರಲ್ಲ, ಬೈದವರಲ್ಲ. ಆದರೂ ಅವರೆದುರು ನಿಂತವರ ಅಂಗೈ ಬೆವರುತ್ತಿತ್ತು. ಆ ಬಳಗಕ್ಕೆ ಯಾರನ್ನೂ ಸುಮ್ಮನೆ ಸೇರಿಸಿಕೊಳ್ಳುತ್ತಿರಲಿಲ್ಲ. ಬಳಗದಲ್ಲಿದ್ದ ಔಷಧಿ ಅಂಗಡಿಯ ಶಿಬಾ ಅಮಾನೊನಿಗೆ ಗುರುತು. ನೀವು ಮಾಡಿದ್ದರಲ್ಲಿ ಒಳ್ಳೆಯದೊಂದನ್ನು ತಂದು ಬಳಗಕ್ಕೆ ಒಪ್ಪಿಸಬೇಕು, ಅಷ್ಟೇ ಎಂದು ಅವನು ಹೇಳಿದ್ದ. ಒಪ್ಪಿಸುವುದೆಂದರೆ ಗಾಜಿನ ಬೀರುವಿನಲ್ಲಿ ಇಡುವುದು ಎಂದು ಅಮಾನೊ ತಿಳಿದುಕೊಂಡ. ಮಗಳಿಗೆ ಆಮೇಲೆ ಹೇಳಿದರಾಯಿತು, ಬೀರುವಿನಲ್ಲಿಟ್ಟಿದ್ದಾರೆ ಎಂದರೆ ಅವಳಿಗೂ ಖುಷಿಯೇ ಎಂದುಕೊಂಡು ದೋಣಿಯನ್ನು ಕೇಕಿನ ಡಬ್ಬದಲ್ಲಿಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೋದ.

ಮಾಳಿಗೆಯಲ್ಲಿ ಚಹಾ ಎಲೆಯ ವಾಸನೆಯೂ ಕಿತ್ತಳೆ ಸಿಪ್ಪೆಯ ವಾಸನೆಯೂ ಬೆರೆತಿದ್ದವು. ತೆರಾದಾ ಮೇಷ್ಟ್ರು ಭೂತಗನ್ನಡಿ ಹಿಡಿದು ದೋಣಿಯನ್ನು ಮೂತಿಯಿಂದ ಹಿಂಬದಿಯವರೆಗೆ ನೋಡಿದರು. ಅಂಗಡಿಯಿಂದ ತಂದದ್ದು, ಚಿತ್ರ ನೋಡಿಕೊಂಡು ಜೋಡಿಸಿದ್ದು, ಯಾರು ಬೇಕಾದರೂ ಮಾಡುತ್ತಾರೆ ಎಂದರು. ಅಮಾನೊನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಕನ್ನಡಿ ಮೀನುಗಳ ಮೇಲೆ ಬಂದು ನಿಂತಿತು. ಮೇಷ್ಟ್ರು ಬೆರಳಿನಿಂದಲೇ ಸನ್ನೆ ಮಾಡಿ ಉಳಿದವರನ್ನು ಕರೆದರು.

"ಬಾಲ ನೋಡಿದ್ರಾ? ಕತ್ತರಿಸಿದೆ. ಒಂದೊಂದು ಮೀನೂ ಬೇರೆ ಬೇರೆ ಥರ ಸತ್ತಿದೆ" ಅಂದರು. "ಇದು ಕಡ್ಡೀಲಿ ಕೆತ್ತಿದ್ದು. ಯಾರು ಮಾಡಿದ್ದು ಇದನ್ನ?"

ಮೇಜಿನ ಸುತ್ತ ಗಂಡಸರು ಒಬ್ಬರ ಹೆಗಲ ಮೇಲೆ ಒಬ್ಬರು ಬಗ್ಗಿದ್ದರು. ಅಮಾನೊ ಮುಟ್ಟಿದ ಯಾವ ವಸ್ತುವಿನ ಸುತ್ತಲೂ ಹುಟ್ಟಿದಂದಿನಿಂದ ಹೀಗೆ ಜನ ನೆರೆದಿರಲಿಲ್ಲ. ಅವನು ಯೋಚಿಸುವ ಮೊದಲೇ ಮಾತು ಬಾಯಿಂದ ಜಾರಿತ್ತು.

"ನಾನೇ."

"ಎಲ್ಲಾ ಮೀನೂ?"

"ಎಲ್ಲಾ."

ಮೇಷ್ಟ್ರು ಅವನ ಕೈಗಳ ಕಡೆ ನೋಡಿದರು. ಆಮೇಲೆ ಭೂತಗನ್ನಡಿಯನ್ನು ಒರೆಸಿ ಕೆಳಗಿಟ್ಟು, ಹಾಗಾದರೆ ನೀವು ನಮಗೆ ತಕ್ಕವರು, ಭರಣಿ ತನ್ನಿ ಎಂದು ಶಿಬಾನಿಗೆ ಹೇಳಿದರು.

ಶಿಬಾ ತಂದದ್ದು ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಗಾಜಿನ ಭರಣಿ. ಅದರ ತಳದಲ್ಲಿ ಬೂದು ಬಣ್ಣದ ಗಂಜಿಯಂಥದೇನೋ ಇತ್ತು. ಮುಚ್ಚಳ ತೆಗೆದ ಕೂಡಲೇ ಕಿತ್ತಳೆಯ ವಾಸನೆ ಮೂಗಿಗೆ ಹೊಡೆಯಿತು. ಸಿಪ್ಪೆಯ ಎಣ್ಣೆಯಿಂದ ಮಾಡಿದ ದ್ರವ ಅದು. ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಉಳಿದ ಕಡ್ಡಿಗಳನ್ನು ಅದರಲ್ಲಿ ನೆನೆಹಾಕಿ ಪುಟ್ಟಿ ಮಾಡಿಕೊಂಡು ಹಡಗಿನ ಬಿರುಕುಗಳಿಗೆ ಮೆತ್ತುವುದು ಎಲ್ಲರೂ ಮಾಡುವ ಕೆಲಸವೇ. ಈ ಬಳಗದ ಪದ್ಧತಿ ಮಾತ್ರ ಬೇರೆ. ಇಲ್ಲಿಗೆ ಸೇರುವವನು ತನ್ನ ಕೈಯಿಂದಾದ ಅತ್ಯುತ್ತಮ ವಸ್ತುವನ್ನು ತಾನೇ ಈ ಭರಣಿಗೆ ಹಾಕಬೇಕು. ಅದು ಕರಗಿ ಪುಟ್ಟಿಯಾದ ಮೇಲೆ ಎಲ್ಲರೂ ಹಂಚಿಕೊಂಡು ತಮ್ಮ ತಮ್ಮ ಹಡಗಿಗೆ ಬಳಸಬೇಕು. ಮೊದಲು ಹಮ್ಮು ಕರಗಬೇಕು, ಕೈ ಆಮೇಲೆ ಕಲಿಯುತ್ತದೆ ಎಂದು ಮೇಷ್ಟ್ರು ಮೆಲ್ಲಗೆ, ಅಕ್ಕರೆಯಿಂದ ಎಂಬಂತೆ ವಿವರಿಸಿದರು. ಶಿಬಾ ತಾನು ಹಾಕಿದ ವಿಮಾನದ ಕಥೆ ಹೇಳಿ ನಕ್ಕ.

ಇದು ನನ್ನದಲ್ಲ, ಮಗಳದು ಎನ್ನುವ ಮಾತು ಅಮಾನೊನ ಗಂಟಲವರೆಗೆ ಬಂತು. ಆದರೆ ಈಗ ತಾನೇ ನಾನೇ ಎಂದಿದ್ದಾನೆ. ಇಷ್ಟು ಜನರ ಮುಂದೆ ಸುಳ್ಳುಗಾರನಾಗುವುದೋ, ದೋಣಿಯನ್ನು ಹಾಕುವುದೋ ಎಂಬ ಲೆಕ್ಕ ಅವನ ತಲೆಯಲ್ಲಿ ನಡೆದದ್ದು ಒಂದೇ ಗಳಿಗೆ. ಅವನು ದೋಣಿಯನ್ನು ಎರಡೂ ಕೈಯಲ್ಲಿ ಎತ್ತಿ ಭರಣಿಯೊಳಗೆ ಇಳಿಸಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಹಗ್ಗದ ಎಳೆಗಳು ಮಾಯವಾದವು, ಕಾಲುಚೀಲಗಳು ಕಳಚಿ ತೇಲಿದವು. ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು. ಮೀನುಗಳು ಸಣ್ಣವು, ಬೇಗ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಗುಡ್ಡೆ ಉಂಡೆಯಾಯಿತು, ಉಂಡೆ ಕುಸಿಯಿತು. ದೋಣಿಯ ಒಡಲು ಮಾತ್ರ ಬಹಳ ಹೊತ್ತು ನಿಂತಿತ್ತು, ಮೊಣಕಾಲೂರಿದ ಎತ್ತಿನ ಹಾಗೆ. ಎಲ್ಲರೂ ಚಹಾ ಕುಡಿಯುತ್ತ ನೋಡಿದರು. ಮರದ ಕೋಲು ಕೊಟ್ಟು ಕಲಕಿ ಎಂದಾಗ ಅಮಾನೊ ಕಲಕಿದ. ಆ ದಿನವೇ ಅವನಿಗೆ ಬಳಗದ ನೀಲಿ ಏಪ್ರನ್ ಕೊಟ್ಟರು. ಅದನ್ನು ತೊಟ್ಟುಕೊಂಡು ಮನೆಗೆ ಬರುವಾಗ, ನಾಚಿಕೆಗೇಡೆಂದರೂ ಸರಿಯೇ, ಅವನಿಗೆ ಸಂತೋಷವಾಗಿತ್ತು.

ಮುಂದಿನ ಭೇಟಿಯ ದಿನ ಸುಜು ಚಪ್ಪಲಿ ಬಿಡುವ ಮೊದಲೇ ಕಪಾಟಿನ ಕಡೆ ನೋಡಿದಳು. ದೋಣಿ ಎಲ್ಲಿ ಎಂದು ಕೇಳಿದಳು. ಬಳಗದವರಿಗೆ ತುಂಬ ಹಿಡಿಸಿತು, ಅಲ್ಲಿಯೇ ಇಟ್ಟುಕೊಂಡಿದ್ದಾರೆ ಎಂದ. ಅವರು ಏನಂದರು ಎಂದು ಕೇಳಿದಳು. ಮೇಷ್ಟ್ರು ಮೀನು ನೋಡಿ ಎಲ್ಲರನ್ನೂ ಹತ್ತಿರ ಕರೆದದ್ದು, ಬಾಲದ ವಿಷಯ ಹೇಳಿದ್ದು, ಒಂದೊಂದೂ ಬೇರೆ ಬೇರೆ ಥರ ಸತ್ತಿದೆ ಎಂದದ್ದು, ಎಲ್ಲವನ್ನೂ ಅಮಾನೊ ಒಂದಕ್ಷರ ಬಿಡದೆ ಹೇಳಿದ. ಹುಡುಗಿಯ ಮುಖ ಅರಳಿತು. ಅದನ್ನೇ ಎರಡು ಸಲ, ಮೂರು ಸಲ ಹೇಳಿಸಿಕೊಂಡಳು. ಊಟಕ್ಕೆ ಕೂತಾಗ ಕಪ್ಪು ಸಾರಿನಲ್ಲಿ ಬೆಂದ ಮೂಲಂಗಿಯನ್ನು ಕಡ್ಡಿಗೆ ಚುಚ್ಚಿಕೊಂಡು, ನಾನು ಮಾಡಿದ್ದು ಅಂತ ನೀನು ಹೇಳಿದಾಗ ಅವರು ನಂಬಿದರಾ ಎಂದು ಕೇಳಿದಳು. ಅಮಾನೊ ಹ್ಞೂಂ ಎಂದ.

ಆಮೇಲೆ ಅವನು ಅದೇ ದೋಣಿಯ ಇನ್ನೊಂದು ಪೆಟ್ಟಿಗೆ ತಂದ. ದೋಣಿ ಆಯಿತು. ಮೀನು ಮಾತ್ರ ಆಗಲಿಲ್ಲ. ಅವನ ಬೆರಳಲ್ಲಿ ಕಡ್ಡಿಯ ತುಂಡು ನಿಲ್ಲದೆ ಚಿಮ್ಮಿ ಹೋಗುತ್ತಿತ್ತು. ನಿಂತದ್ದು ಮೀನಾಗದೆ ಔಷಧಿ ಗುಳಿಗೆಯಾಗುತ್ತಿತ್ತು. ಮಾಡಿದ್ದೆಲ್ಲ ಒಂದೇ ಥರ. ಕೊನೆಗೆ ಎಲ್ಲವನ್ನೂ ಬಾಚಿ ಬಿಸಾಡಿದ. ಇತ್ತ ಬಳಗದಲ್ಲಿ ಅವನಿಗೊಂದು ಯುದ್ಧನೌಕೆ ಕೊಟ್ಟಿದ್ದರು. ಅದರ ಒಡಲಿನ ಎರಡು ಹೋಳು ಸೇರುವ ಬಿರುಕಿಗೆ ಭರಣಿಯ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ ಉಜ್ಜಿ ನುಣುಪು ಮಾಡಿದ. ಮೇಷ್ಟ್ರು ಕಣ್ಣುಮುಚ್ಚಿ ಅದರ ಮೇಲೆ ಉಗುರೆಳೆದು, ಗೊತ್ತಾಗುವುದಿಲ್ಲ ಎಂದರು. ಈ ವರ್ಷದ ಪ್ರದರ್ಶನಕ್ಕೆ ಅಮಾನೊನ ನೌಕೆಯೂ ಹೋಗಲಿ ಎಂದರು.

ಪ್ರದರ್ಶನ ಮೇ ತಿಂಗಳಲ್ಲಿ. ಅದು ಸುಜು ಬರುವ ಭಾನುವಾರವಲ್ಲ, ಹಾಗಾಗಿ ಅಮಾನೊ ನಿಶ್ಚಿಂತೆಯಿಂದಿದ್ದ. ಆದರೆ ಹುಡುಗಿ ಅಮ್ಮನ ಬೆನ್ನು ಬಿದ್ದಿದ್ದಳು. ನನ್ನ ಮೀನು ಪ್ರದರ್ಶನಕ್ಕೆ ಬಂದಿರುತ್ತವೆ, ನೋಡಲೇಬೇಕು, ಅಪ್ಪನಿಗೆ ಹೇಳಬೇಡ, ಹಿಂದಿನಿಂದ ಹೋಗಿ ಬೆಚ್ಚಿಬೀಳಿಸೋಣ ಎಂದು. ನಡುಮಧ್ಯಾಹ್ನ ಜನ ಕಿಕ್ಕಿರಿದಿದ್ದಾಗ ಅಮಾನೊನ ಏಪ್ರನ್ನಿನ ದಾರ ಯಾರೋ ಎಳೆದರು. ತಿರುಗಿದರೆ ಸುಜು, ಅವಳ ಹಿಂದೆ ಯೂರಿ. ಯೂರಿಯ ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ಸಣ್ಣ ನಗುವಿತ್ತು.

"ಎಲ್ಲಪ್ಪ, ನಮ್ಮ ದೋಣಿ?"

ಅದು ಮೇಷ್ಟ್ರ ಮನೆಯಲ್ಲಿದೆ ಎಂದು ಹೇಳಲು ಅವನು ಬಾಯಿ ತೆರೆದ. ಮೇಷ್ಟ್ರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಹುಡುಗಿಯನ್ನು ಹತ್ತಿರ ಕರೆದು, ಯಾವ ದೋಣಿ ಮಗೂ ಎಂದು ಕೇಳಿದರು. ಮೀನಿನ ದೋಣಿ ಎಂದಳು ಸುಜು. ಹೆಸರಾಂತ ಮೇಷ್ಟ್ರು ಇವರೇ ಎಂದು ಅವಳಿಗೆ ಸುತ್ತಲಿದ್ದವರು ತೋರುತ್ತಿದ್ದ ಮರ್ಯಾದೆಯಿಂದಲೇ ಗೊತ್ತಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆಬಾಗಿ ನಮಸ್ಕರಿಸಿದ್ದಳು.

"ಓ, ಅದಾ. ಅದನ್ನ ನಿಮ್ಮಪ್ಪ ಕರಗಿಸಿಬಿಟ್ರಲ್ಲ" ಅಂದರು ಮೇಷ್ಟ್ರು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಭರಣಿಯ ವಿಷಯ ವಿವರಿಸಿದರು. ಅಮಾನೊನ ನೌಕೆಯನ್ನು ತಿರುಗಿಸಿ ಅದರ ಒಡಲಿನ ಅಡಿಗೆರೆಯನ್ನು ಪೆನ್ಸಿಲಿನ ತುದಿಯಿಂದ ತೋರಿಸಿದರು. "ಇಲ್ಲಿದೆ ನೋಡು ನಿಮ್ಮ ದೋಣಿ. ಚೆನ್ನಾಗಿ ಮೆತ್ತಿದಾರೆ, ಕಾಣಿಸಲ್ಲ."

"ಮೀನೂ?"

"ಮೀನೇ ಮೊದ್ಲು ಕರಗಿದ್ದು. ಒಳ್ಳೇ ಮೀನು. ನಿಮ್ಮಪ್ಪ ಅಷ್ಟು ದಪ್ಪ ಬೆರಳಲ್ಲಿ ಅದ್ಹೇಗೆ ಮಾಡಿದ್ರೋ. ನಾನೇ ಅಂತ ಅವರೇ ಹೇಳಿದ್ರು, ಎಲ್ಲರ ಮುಂದೆ. ಅಲ್ವಾ ಶಿಬಾ?"

ಶಿಬಾ ಹೌದೆಂದು ತಲೆಯಾಡಿಸಿದವನು, ಹುಡುಗಿಯ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಯೂರಿಯ ನಗು ಹೋಗಿತ್ತು. ಸುಜು ಅಪ್ಪನ ಕಡೆ ತಿರುಗಿದಳು. ಅಮಾನೊ ನೌಕೆಯ ಮೇಲೆ ಇಲ್ಲದ ಧೂಳನ್ನು ಬೆರಳಿಂದ ಒರೆಸುತ್ತಿದ್ದ. ಅವಳು ಕಾದಳು. ಅಪ್ಪ ತಲೆ ಎತ್ತುತ್ತಾನೆ, ಏನಾದರೂ ಹೇಳುತ್ತಾನೆ ಎಂದು ಕಾದಳು. ಅವನು ತಲೆ ಎತ್ತಲಿಲ್ಲ.

"ಹೌದು" ಅಂದಳು ಸುಜು ಮೇಷ್ಟ್ರಿಗೆ. "ಅಪ್ಪನೇ ಮಾಡಿದ್ದು. ನಾನು ನೋಡ್ತಾ ಕೂತಿದ್ದೆ."

ಮತ್ತೊಮ್ಮೆ ತಲೆಬಾಗಿ ನಮಸ್ಕರಿಸಿ, ಅಮ್ಮನ ಕೈ ಹಿಡಿದುಕೊಂಡು ಜನರ ನಡುವೆ ಹೊರಟುಹೋದಳು. ಅಮಾನೊ ಹಿಂದೆ ಹೋಗಲಿಲ್ಲ. ಕಾಲು ಏಳಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ನಿಜವೆಂದರೆ, ಆಗ ಅವನ ನೌಕೆಯ ಮುಂದೆ ಇಬ್ಬರು ಬಂದು ನಿಂತು ಏನೋ ಕೇಳುತ್ತಿದ್ದರು.

ಸಂಜೆ ಎಲ್ಲವನ್ನೂ ಡಬ್ಬಗಳಿಗೆ ತುಂಬುವಾಗ ಅಮಾನೊ ಮೇಷ್ಟ್ರ ಬಳಿ ಹೋಗಿ ನಿಂತ. ಆ ಮೀನು ಮಗಳದಾಗಿತ್ತು ಎಂದ. ಅಷ್ಟು ಹೇಳುವುದಕ್ಕೆ ಅವನಿಗೆ ಇಡೀ ಮಧ್ಯಾಹ್ನ ಬೇಕಾಗಿತ್ತು. ಮೇಷ್ಟ್ರು ಡಬ್ಬಕ್ಕೆ ಟೇಪು ಅಂಟಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು. ನಿಮ್ಮ ಕೈ ನೋಡಿದೆನಲ್ಲ ಅವತ್ತೇ."

"ಗೊತ್ತಿದ್ದೂ..."

"ಕೇಳಿದೆ. ಒಂದ್ಸಲ ಅಲ್ಲ, ಎರಡ್ಸಲ ಕೇಳಿದೆ. ಮಗಳದು ಅಂದಿದ್ರೆ ಡಬ್ಬ ಕಟ್ಟಿ ವಾಪಸ್ ಕಳಿಸ್ತಿದ್ದೆ. ಬೇರೆಯವರ ಕೆಲಸಾನ ಭರಣಿಗೆ ಹಾಕಿ ಅಂತ ನಾವು ಯಾರಿಗೂ ಹೇಳಲ್ಲ." ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದರು. "ಆದ್ರೆ ನೀವು ಹಾಕ್ತೀರೋ ಇಲ್ವೋ ನೋಡಬೇಕು ಅನ್ನಿಸ್ತು. ಹಾಕಿದ್ರಿ."

ಮೇಷ್ಟ್ರು ಡಬ್ಬ ಎತ್ತಿ ಅವನ ಕೈಗಿಟ್ಟು, ಭಾರದವನ್ನು ವ್ಯಾನಿನಲ್ಲಿ ಕೆಳಗಿಡಿ ಎಂದರು. ಅವನು ಹೊತ್ತುಕೊಂಡು ಹೋಗಿ ಕೆಳಗಿಟ್ಟ. ಶಿಬಾ ಅವನ ಬೆನ್ನು ತಟ್ಟಿ, ಮಕ್ಕಳು ಮರೆತುಬಿಡುತ್ತಾರೆ ಬಿಡಿ ಎಂದ. ಬಳಗವನ್ನು ಅವನು ಬಿಡಲಿಲ್ಲ. ಬಿಡಬೇಕೆಂದು ಪ್ರತಿ ವಾರ ಅಂದುಕೊಂಡ. ಆದರೆ ಭಾನುವಾರಗಳು ಈಗ ಎಲ್ಲವೂ ಖಾಲಿ, ಕೂರಲು ಬೇರೆ ಜಾಗವಿರಲಿಲ್ಲ.

ಏಕೆಂದರೆ ಸುಜು ಬರುವುದು ನಿಂತಿತ್ತು. ಜೂನಿನಲ್ಲಿ ನೆಗಡಿ, ಜುಲೈಯಲ್ಲಿ ಈಜಿನ ತರಗತಿ, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ನಾನು ತಡೆಯುತ್ತಿಲ್ಲ, ಅವಳೇ ಬೇಡವೆನ್ನುತ್ತಾಳೆ, ಬೇಕಾದರೆ ನೀನೇ ಒಮ್ಮೆ ಬಂದು ಹೋಗು ಎಂದು ಯೂರಿ ಫೋನಿನಲ್ಲಿ ಹೇಳಿದಳು.

ಅಮಾನೊ ಹೊರಟ. ಬರಿಗೈಯಲ್ಲಿ ಹೋಗಬಾರದೆಂದು ಒಳ್ಳೊಳ್ಳೆಯ ಕಡ್ಡಿಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡ. ಬೂದು, ಬಿಳಿ, ಕೆಂಪು, ಗಾಜಿನಂತೆ ಪಾರದರ್ಶಕವಾದವು, ಟ್ಯೂನಾಕ್ಕೆ ಸರಿಯಾಗುವ ದುಂಡನೆಯವು. ರೈಲಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡ. ತಪ್ಪಾಯಿತು ಎನ್ನಬೇಕು. ಭಯವಾಯಿತು ಎನ್ನಬೇಕು. ನಿನ್ನ ಮೀನು ಅಷ್ಟು ಚೆನ್ನಾಗಿದ್ದವು, ಅವು ನನ್ನವಾಗಿರಬೇಕಿತ್ತು ಎಂದು ಆಸೆಯಾಯಿತು ಎನ್ನಬೇಕು.

ಯೂರಿ ಚಹಾ ಇಟ್ಟು ಅಡುಗೆಮನೆಗೆ ಹೋದಳು. ಸುಜು ಎದುರಿಗೆ ಮಂಡಿಯೂರಿ ಕೂತಳು. ಸ್ವಲ್ಪ ಎತ್ತರವಾಗಿದ್ದಳು, ಕೂದಲು ಕತ್ತರಿಸಿದ್ದಳು. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ, ಈಜು ಹೇಗಿದೆ ಎಂದರೆ ಚೆನ್ನಾಗಿದೆ. ಅಮಾನೊ ರೈಲಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ಹೊರಗೆ ಬರಲಿಲ್ಲ. ಚೀಲವನ್ನು ಅವಳ ಮುಂದೆ ಸರಿಸಿದ. ಅವಳು ಎರಡೂ ಕೈಯಿಂದ ತೆಗೆದುಕೊಂಡು, ಒಳಗೆ ನೋಡಿ, ಚೀಲದ ಬಾಯಿ ಮುಚ್ಚಿದಳು.

"ತಂದಿದ್ದಕ್ಕೆ ಥ್ಯಾಂಕ್ಸ್. ನಿಮಗೆ ತೊಂದರೆ ಆಯ್ತು" ಅಂದಳು.

ಹುಟ್ಟಿ ಮಾತು ಕಲಿತಂದಿನಿಂದ ಅಪ್ಪನಿಗೆ ನೀನು ಎನ್ನುತ್ತಿದ್ದವಳು. ಈಗ ನಿಮಗೆ ಎಂದಳು. ಸಿಟ್ಟಿರಲಿಲ್ಲ, ವ್ಯಂಗ್ಯವಿರಲಿಲ್ಲ. ನೆರೆಮನೆಯವರಿಗೆ ಹೇಳುವ ಹಾಗೆ ಹೇಳಿದಳು. ಮೀನು ಮಾಡುವುದಿಲ್ಲವೇ ಈಗ ಎಂದು ಅವನು ಕೇಳಿದ. ಇಲ್ಲ ಎಂದಳು. ಆಮೇಲೆ ಚೀಲವನ್ನು ಎತ್ತಿಕೊಂಡು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅಮ್ಮ, ಇದನ್ನ ಯಾವ ಕಸಕ್ಕೆ ಹಾಕೋದು? ಸುಡೋದಕ್ಕಾ, ಪ್ಲಾಸ್ಟಿಕ್‌ಗಾ?"

ಯೂರಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನೀರು ಸುರಿಯುತ್ತಲೇ ಇತ್ತು. ಸುಜು ಅಪ್ಪನ ಕಡೆ ತಿರುಗಿ ಅದೇ ಮಾತನ್ನು ಕೇಳಿದಳು. ನಿಮಗೆ ಗೊತ್ತಿರಬೇಕಲ್ಲ ಎಂದಳು. ಈ ಊರಿನ ಪದ್ಧತಿ ನನಗೆ ಗೊತ್ತಿಲ್ಲ ಎಂದ ಅಮಾನೊ. ನಮ್ಮಲ್ಲಿ ಸುಡುವುದಕ್ಕೆ ಹಾಕುತ್ತೇವೆ ಎಂದ. ಹಾಗಾದರೆ ಇಲ್ಲೂ ಅದೇ ಇರಬಹುದು ಎಂದು ಅವಳು ಮತ್ತೆ ಎದುರಿಗೆ ಬಂದು ಕೂತಳು. ಉದ್ದದ ಕಡ್ಡಿಗಳು ಕಸದ ಚೀಲವನ್ನು ಹರಿದುಹಾಕುತ್ತವೆಂದು ಒಂದೊಂದನ್ನೇ ತೆಗೆದು ತುಂಡು ಮಾಡತೊಡಗಿದಳು. ಬಿಳಿಯದನ್ನು, ಕೆಂಪಿನದನ್ನು, ದುಂಡನೆಯದನ್ನು. ಪಟ್, ಪಟ್ ಎಂದು ಸದ್ದಾಗುತ್ತಿತ್ತು. ಚೂರುಗಳು ಚಾಪೆಯ ಮೇಲೆ ಹಾರಿದರೆ ಹೆಕ್ಕಿ ಒಳಗೆ ಹಾಕುತ್ತಿದ್ದಳು. ಅಮಾನೊ ಎದುರಿಗೆ ಕೂತು ಚಹಾ ಕುಡಿದ. ಒಂದು ಚೂರು ಅವನ ಮೊಣಕಾಲಿನ ಬಳಿ ಬಂದು ಬಿತ್ತು. ಅದನ್ನು ಎತ್ತಿ ಕೊಟ್ಟ. ಅವಳು ಅದಕ್ಕೂ ಥ್ಯಾಂಕ್ಸ್ ಹೇಳಿದಳು.

ಯೂರಿ ಕೈ ಒರೆಸಿಕೊಳ್ಳುತ್ತ ಬಂದು, ಊಟ ಮಾಡಿಕೊಂಡು ಹೋಗು ಎಂದಳು. ಅವನು ಮಗಳ ಕಡೆ ನೋಡಿದ. ಸುಜು ಗೋಡೆಯ ಗಡಿಯಾರ ನೋಡಿದಳು.

"ಈಗ ಹೊರಟ್ರೆ ಮುಂದಿನ ರೈಲು ಸಿಗತ್ತೆ. ಅದ್ರಲ್ಲಿ ಜನ ಇರಲ್ಲ, ನಿಮಗೆ ಸೀಟು ಸಿಗತ್ತೆ."

ಅಮಾನೊ ಎದ್ದು ಚಪ್ಪಲಿ ಮೆಟ್ಟಿಕೊಂಡ. ಅವಳು ಬಾಗಿಲವರೆಗೆ ಬಂದು ತಲೆಬಾಗಿ ಬೀಳ್ಕೊಟ್ಟಳು. ರೈಲಿನಲ್ಲಿ ಜನವಿರಲಿಲ್ಲ, ಸೀಟು ಸಿಕ್ಕಿತು.